ಚಿಮಣಿಯಲ್ಲಿ ಕಪ್ಪು ಹೊಗೆ ಕಾಣದಿದ್ದರೆ ಕಲ್ಲಿದ್ದಲಿನ ತೊಂದರೆ ಮುಗಿದ ಹಾಗಾ?

ಕೇಳುವ ಕಿವಿ:
ಎಲ್ಲರಿಗೂ ನಮಸ್ಕಾರ. ಹಳೆಯ ಫೋಟೋಗಳಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರ ಅಂದರೆ ಕಪ್ಪು ಹೊಗೆ ಕಾರುವ ಚಿಮಣಿ. ಈಗಿನ ಸ್ಥಾವರಗಳಲ್ಲಿ ಅದು ಕಾಣುವುದು ಕಡಿಮೆ. ದಪ್ಪನೆಯ ಗೋಪುರದಿಂದ ಬಿಳಿ ಮೋಡ ಏಳುತ್ತಿರುತ್ತದೆ, ಅಷ್ಟೇ. ಒಳಗಿನ ಫಿಲ್ಟರ್ ಶೇ. 99ಕ್ಕಿಂತ ಜಾಸ್ತಿ ಬೂದಿ ಹಿಡಿಯುತ್ತದೆ ಅಂತ ಓದಿದ್ದೇನೆ. ಹಾಗಿದ್ದರೆ ಆರೋಗ್ಯದ ತೊಂದರೆ ಬಹುಪಾಲು ಹಿಂದಿನ ಕಾಲದ್ದು, ಈಗ ಉಳಿದಿರುವುದು ಹವಾಮಾನದ ಪ್ರಶ್ನೆ ಮಾತ್ರ ಅಲ್ವಾ? ವಾದಕ್ಕಾಗಿ ಕೇಳುತ್ತಿಲ್ಲ. ಗಣಿ, ಸ್ಥಾವರ, ಆಸ್ಪತ್ರೆ, ಯಾವುದನ್ನಾದರೂ ಹತ್ತಿರದಿಂದ ನೋಡಿದವರು ತಿಳಿಸಿ.

ಬಾಯ್ಲರ್ ವಿಭಾಗ:
ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮೊದಲು ಆ ಬಿಳಿ ಮೋಡದ ವಿಷಯ. ನಡು ಸಣ್ಣಗಿರುವ ಆ ದಪ್ಪ ಗೋಪುರ ಕೂಲಿಂಗ್ ಟವರ್. ಅಲ್ಲಿಂದ ಬರುವುದು ನೀರಿನ ಆವಿ. ಹೊಗೆ ಹೋಗುವುದು ಪಕ್ಕದಲ್ಲಿ ಎತ್ತರಕ್ಕೆ ನಿಂತಿರುವ ತೆಳುವಾದ ಚಿಮಣಿಯಿಂದ. ಅಲ್ಲಿ ಕಣ್ಣಿಗೆ ಏನೂ ಕಾಣದೇ ಇರಬಹುದು. ಕಾಣದ್ದು ಇಲ್ಲ ಅಂತ ಲೆಕ್ಕ ಹಾಕಬೇಡಿ.

ಶೇ. 99 ಅನ್ನುವುದು ನಿಜ. ಆದರೆ ಅದು ತೂಕದ ಲೆಕ್ಕ. ನಾವು ಇಎಸ್‌ಪಿ ಅನ್ನುವ ಯಂತ್ರ ಬೂದಿಯ ಕಣಗಳಿಗೆ ವಿದ್ಯುತ್ ಚಾರ್ಜ್ ಕೊಟ್ಟು ಲೋಹದ ಫಲಕಗಳಿಗೆ ಅಂಟಿಸುತ್ತದೆ. ಆಮೇಲೆ ಫಲಕವನ್ನು ಬಡಿದು ಬೂದಿಯನ್ನು ಕೆಳಗಿನ ಹಾಪರ್‌ಗೆ ಉದುರಿಸುತ್ತದೆ. ದೊಡ್ಡ ಕಣಗಳು ಸುಲಭವಾಗಿ ಸಿಗುತ್ತವೆ, ತೂಕವೂ ಅವುಗಳದ್ದೇ. ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲಿಗಿಂತ ಸಣ್ಣವು. ತೂಕದಲ್ಲಿ ಅವು ಲೆಕ್ಕಕ್ಕೇ ಬರುವುದಿಲ್ಲ, ಎಣಿಕೆಯಲ್ಲಿ ಮಾತ್ರ ವಿಪರೀತ.

ಇನ್ನೊಂದು ವಿಷಯ ನೋಡಿ. ಕಲ್ಲಿದ್ದಲಿನಲ್ಲಿ ಆರ್ಸೆನಿಕ್, ಸೆಲೆನಿಯಂ, ಸೀಸ ಎಲ್ಲ ಸ್ವಲ್ಪ ಸ್ವಲ್ಪ ಇರುತ್ತವೆ. ಬಾಯ್ಲರ್‌ನ ಬಿಸಿಗೆ ಇವು ಆವಿಯಾಗುತ್ತವೆ. ಹೊಗೆ ತಣ್ಣಗಾಗುತ್ತಾ ಬಂದಾಗ ಕಣಗಳ ಮೈಮೇಲೆ ಬಂದು ಕೂರುತ್ತವೆ. ಸಣ್ಣ ಕಣಕ್ಕೆ ತೂಕ ಕಡಿಮೆ, ಮೈ ಜಾಸ್ತಿ. ಹಾಗಾಗಿ ವಿಷದ ಅಂಶ ಸಣ್ಣ ಕಣಗಳಲ್ಲೇ ಹೆಚ್ಚು.

ಅನಿಲಗಳ ಮೇಲೆ ಇಎಸ್‌ಪಿಗೆ ಹಿಡಿತವೇ ಇಲ್ಲ. ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡ್, ಆವಿಯಾದ ಪಾದರಸ ಇವೆಲ್ಲ ಅದನ್ನು ದಾಟಿ ಹೋಗುತ್ತವೆ. ಗಂಧಕ ತೆಗೆಯಲು ಸುಣ್ಣದಕಲ್ಲಿನ ನೀರು ಸಿಂಪಡಿಸುವ ಎಫ್‌ಜಿಡಿ ಬೇಕು. ನೈಟ್ರೋಜನ್ ಆಕ್ಸೈಡ್‌ಗೆ ಅಮೋನಿಯಾ ಬಳಸುವ ಬೇರೆ ಘಟಕ ಬೇಕು. ಇವುಗಳಿಗೆ ಜಾಗ, ಹಣ, ಓಡಿಸುವ ಖರ್ಚು ಎಲ್ಲವೂ ಜಾಸ್ತಿ. ಪ್ರಪಂಚದ ಎಷ್ಟೋ ಸ್ಥಾವರಗಳಲ್ಲಿ ಇಎಸ್‌ಪಿ ಇದೆ, ಇವು ಇಲ್ಲ. ಹಾಗಾಗಿ "ಫಿಲ್ಟರ್ ಇದೆ" ಅಂತ ಯಾರಾದರೂ ಹೇಳಿದರೆ ಯಾವ ಫಿಲ್ಟರ್ ಅಂತ ಕೇಳಬೇಕು.

ದಾರಿಹೋಕ:
ಚಿಮಣಿ ಇನ್ನೂರು ಮೀಟರ್‌ಗಿಂತ ಎತ್ತರ ಕಟ್ಟುತ್ತಾರಲ್ಲ ಸರ್, ಅಷ್ಟು ಮೇಲೆ ಹೋದ ಮೇಲೆ ಕೆಳಗಿನವರಿಗೆ ಏನು ತೊಂದರೆ?

ಬಾಯ್ಲರ್ ವಿಭಾಗ:
ಪಕ್ಕದಲ್ಲೇ ಇರುವವರಿಗೆ ಕಡಿಮೆ ಆಗುತ್ತದೆ, ಒಪ್ಪುತ್ತೇನೆ. ಆದರೆ ಮೇಲೆ ಹೋದದ್ದು ಎಲ್ಲೋ ಒಂದು ಕಡೆ ಇಳಿಯಲೇಬೇಕು. ಯುರೋಪಿನಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಬ್ರಿಟನ್ನಿನ, ಮಧ್ಯ ಯುರೋಪಿನ ಗಂಧಕ ಸ್ವೀಡನ್, ನಾರ್ವೆಯ ಕೆರೆಗಳ ಮೇಲೆ ಆಮ್ಲ ಮಳೆಯಾಗಿ ಸುರಿಯಿತು. ಸಾವಿರಾರು ಕೆರೆಗಳಲ್ಲಿ ಮೀನಿನ ಸಂತತಿಗೆ ಪೆಟ್ಟು ಬಿತ್ತು. ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ 1979ರಲ್ಲಿ ಜಿನೀವಾದಲ್ಲಿ ಒಪ್ಪಂದ ಆಗಿದ್ದು ಇದೇ ಕಾರಣಕ್ಕೆ.

ಎದೆರೋಗ ವೈದ್ಯೆ:
ಸರ್ ಹೇಳಿದ ಸಣ್ಣ ಕಣಗಳಿಂದಲೇ ಮುಂದುವರಿಸುತ್ತೇನೆ. ಮೂಗು, ಗಂಟಲು ತಡೆಯುವುದು ದೊಡ್ಡ ಕಣಗಳನ್ನು. 2.5 ಮೈಕ್ರಾನ್‌ಗಿಂತ ಸಣ್ಣವು ಶ್ವಾಸಕೋಶದ ತುದಿಯ ಗಾಳಿಗೂಡುಗಳ ತನಕ ಇಳಿಯುತ್ತವೆ. ಅಲ್ಲಿ ಉರಿಯೂತ ಶುರುವಾಗುತ್ತದೆ. ಇನ್ನೂ ಸಣ್ಣವು ರಕ್ತಕ್ಕೇ ಸೇರುತ್ತವೆ. ವಾಯುಮಾಲಿನ್ಯ ಅಂದ ತಕ್ಷಣ ಜನರಿಗೆ ನೆನಪಾಗುವುದು ಕೆಮ್ಮು, ಆಸ್ತಮಾ. ಆದರೆ ಈ ಕಣಗಳಿಂದ ಆಗುವ ಸಾವುಗಳಲ್ಲಿ ದೊಡ್ಡ ಪಾಲು ಹೃದಯಾಘಾತ ಮತ್ತು ಪಾರ್ಶ್ವವಾಯುವಿನದು. ಹೊರಗಿನ ಗಾಳಿಯ ಮಾಲಿನ್ಯ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲೇ ಹೇಳಿದೆ. ಈ ಸಣ್ಣ ಕಣಗಳ ವರ್ಷದ ಸರಾಸರಿ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಘನ ಮೀಟರ್‌ಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿತು. ಕಡಿಮೆ ಅಂದುಕೊಂಡಿದ್ದ ಮಟ್ಟದಲ್ಲೂ ಹಾನಿ ಕಾಣುತ್ತಿದೆ ಅನ್ನುವುದೇ ಅದಕ್ಕೆ ಕಾರಣ.

ಚಿಮಣಿಯ ಬಾಯಲ್ಲಿ ಅಳೆದರೆ ಸಿಗದ ಕಣಗಳೂ ಇವೆ. ಅನಿಲವಾಗಿ ಹೊರಬಿದ್ದ ಸಲ್ಫರ್ ಡೈಆಕ್ಸೈಡ್ ಗಾಳಿಯಲ್ಲಿ ಸಾಗುತ್ತಾ, ಅಮೋನಿಯಾ ಜೊತೆ ಸೇರಿ ಸಲ್ಫೇಟ್ ಕಣವಾಗುತ್ತದೆ. ಇದಕ್ಕೆ ಕೆಲವು ಗಂಟೆಯೂ ಹಿಡಿಯಬಹುದು, ಕೆಲವು ದಿನವೂ ಹಿಡಿಯಬಹುದು. ಅಷ್ಟರಲ್ಲಿ ಗಾಳಿ ಅದನ್ನು ನೂರಾರು ಕಿಲೋಮೀಟರ್ ಒಯ್ದಿರುತ್ತದೆ. ಆ ಕಣ ಉಸಿರಾಡುವವರು ಚಿಮಣಿಯನ್ನು ನೋಡಿಯೂ ಇರುವುದಿಲ್ಲ.

ಸಂಖ್ಯೆ ಬೇಕೆಂದರೆ ಅಮೆರಿಕದ ಒಂದು ಅಧ್ಯಯನ ಇದೆ. 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಸರ್ಕಾರದ ಆರೋಗ್ಯ ವಿಮೆಯಲ್ಲಿದ್ದ 65 ದಾಟಿದವರ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದ್ದರು. 1999ರಿಂದ 2020ರ ತನಕ ಕಲ್ಲಿದ್ದಲು ಸ್ಥಾವರಗಳ ಸಣ್ಣ ಕಣಗಳಿಂದ ಸುಮಾರು 4,60,000 ಸಾವು. ಬೇರೆ ಮೂಲಗಳ ಅಷ್ಟೇ ಕಣಗಳಿಗೆ ಹೋಲಿಸಿದರೆ ಕಲ್ಲಿದ್ದಲಿನದು ಎರಡು ಪಟ್ಟು ಅಪಾಯಕಾರಿ ಅಂತಲೂ ಕಂಡಿತು. ಅದೇ ಲೆಕ್ಕದ ಇನ್ನೊಂದು ಭಾಗವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಶುರುವಿನ ವರ್ಷಗಳಲ್ಲಿ ವರ್ಷಕ್ಕೆ 40,000 ದಾಟುತ್ತಿದ್ದ ಸಾವು 2020ರ ಹೊತ್ತಿಗೆ ಸುಮಾರು 1,600ಕ್ಕೆ ಇಳಿದಿತ್ತು. ಗಂಧಕ ತೆಗೆಯುವ ಘಟಕ ಹಾಕಿದರು, ಹಳೆಯ ಸ್ಥಾವರಗಳನ್ನು ಮುಚ್ಚಿದರು. ಜನ ಬದುಕಿದರು.

ಅಂಕಿಗೆ ಅನುಮಾನ:
ಡಾಕ್ಟ್ರೇ, ಗೌರವದಿಂದಲೇ ಕೇಳುತ್ತೇನೆ. ಮರಣ ಪ್ರಮಾಣಪತ್ರದಲ್ಲಿ ಯಾರೂ 'ಕಲ್ಲಿದ್ದಲು' ಅಂತ ಬರೆಯುವುದಿಲ್ಲ. ಬಡತನ, ಧೂಮಪಾನ, ವಾಹನದ ಹೊಗೆ ಎಲ್ಲ ಸೇರಿಕೊಂಡಿರುತ್ತದೆ. ಇದು ಕಲ್ಲಿದ್ದಲಿನದೇ ಅಂತ ಬೇರ್ಪಡಿಸುವುದು ಹೇಗೆ?

ಎದೆರೋಗ ವೈದ್ಯೆ:
ಕೇಳಬೇಕಾದ ಪ್ರಶ್ನೆಯೇ. ಬೇರ್ಪಡಿಸುವ ಒಳ್ಳೆಯ ದಾರಿ ಅಂದರೆ ಉಳಿದದ್ದೆಲ್ಲ ಹೆಚ್ಚು ಕಡಿಮೆ ಹಾಗೆಯೇ ಇದ್ದು, ಕಲ್ಲಿದ್ದಲಿನ ಹೊಗೆ ಮಾತ್ರ ನಿಂತ ಜಾಗಗಳನ್ನು ನೋಡುವುದು. ಚೀನಾದ ಟೊಂಗ್‌ಲಿಯಾಂಗ್‌ನಲ್ಲಿ 2004ರಲ್ಲಿ ಕಲ್ಲಿದ್ದಲು ಸ್ಥಾವರ ಮುಚ್ಚಿತು. ಅದಕ್ಕೆ ಮುಂಚೆ ಹುಟ್ಟಿದ ಮಕ್ಕಳು, ಆಮೇಲೆ ಹುಟ್ಟಿದ ಮಕ್ಕಳು, ಎರಡೂ ಗುಂಪನ್ನು ಸಂಶೋಧಕರು ಪರೀಕ್ಷಿಸಿದರು. ಹೊಗೆಯ ರಾಸಾಯನಿಕ ಡಿಎನ್‌ಎಗೆ ಅಂಟಿಕೊಂಡಿದ್ದರ ಗುರುತು ಎರಡನೇ ಗುಂಪಿನ ಹೊಕ್ಕುಳಬಳ್ಳಿ ರಕ್ತದಲ್ಲಿ ಕಡಿಮೆ ಇತ್ತು. ಮೊದಲ ಗುಂಪಿನಲ್ಲಿ ಆ ಗುರುತು ಜಾಸ್ತಿ ಇದ್ದ ಮಕ್ಕಳು ಎರಡನೇ ವಯಸ್ಸಿನ ಬೆಳವಣಿಗೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಎರಡನೇ ಗುಂಪಿನಲ್ಲಿ ಆ ಸಂಬಂಧ ಕಾಣಿಸಲಿಲ್ಲ.

ಧೂಮಪಾನದ ಮಾತು ಬಂದಿದ್ದರಿಂದ ಅದೇ ದೇಶದ ಷುವಾನ್‌ವೇ ಬಗ್ಗೆಯೂ ಹೇಳಬೇಕು. ಅಲ್ಲಿ ಮನೆಯೊಳಗೇ ಹೊಗೆ ಕಾರುವ ಕಲ್ಲಿದ್ದಲು ಉರಿಸುತ್ತಿದ್ದರು. ಸಿಗರೇಟು ಮುಟ್ಟದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪ್ರಪಂಚದಲ್ಲೇ ಅತಿ ಹೆಚ್ಚು ಅನ್ನುವಷ್ಟಿತ್ತು. ಒಲೆಗೆ ಚಿಮಣಿ ಹಾಕಿಸಿಕೊಂಡ ಮನೆಗಳಲ್ಲಿ ಆ ಅಪಾಯ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು.

ಅಂಕಿಗೆ ಅನುಮಾನ:
ಈ ಎರಡು ಉದಾಹರಣೆ ಗೊತ್ತಿರಲಿಲ್ಲ. ಧನ್ಯವಾದ.

ಗಣಿಯವರ ಮಗಳು:
ಇಲ್ಲಿಯ ತನಕ ಎಲ್ಲ ಉರಿಸುವ ಮಾತೇ ಬಂತು. ಅಗೆಯುವವರ ಬಗ್ಗೆಯೂ ಮಾತಾಡೋಣ.

ನನ್ನ ಅಪ್ಪ ನೆಲದಡಿಯ ಗಣಿಯಲ್ಲಿ ಕೆಲಸ ಮಾಡಿದವರು. ಕೆಲಸ ಬಿಟ್ಟ ಮೇಲೆ ಉಸಿರು ಕಟ್ಟಲು ಶುರುವಾಯಿತು. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಸ್ನಾನ ಮಾಡುವಾಗ, ಕೊನೆಗೆ ಮಾತಾಡುವಾಗಲೂ. ಗಣಿಯ ಕಡೆಯ ವೈದ್ಯರು ಎಕ್ಸ್-ರೇ ನೋಡಿ ಏನೂ ಇಲ್ಲ ಅಂದಿದ್ದರು. ಅದೇ ಎದೆಯನ್ನು ಹೊರಗಿನ ವೈದ್ಯರು ನೋಡಿದಾಗ ಎರಡೂ ಕಡೆ ಗಟ್ಟಿಯಾದ ಗಂಟುಗಳಿದ್ದವು. ಪರಿಹಾರಕ್ಕೆ ಅರ್ಜಿ ಹಾಕಿದರೆ ಕೇಳಿದ ಮೊದಲ ಪ್ರಶ್ನೆ "ಸಿಗರೇಟು ಸೇದುತ್ತಿದ್ದರಾ?" ಅಪ್ಪ ಜೀವನದಲ್ಲಿ ಅದನ್ನು ಮುಟ್ಟಿದವರಲ್ಲ.

ಗಣಿಯ ಕೊನೆಯ ವರ್ಷಗಳಲ್ಲಿ ಕಲ್ಲಿದ್ದಲಿನ ಪದರ ತೆಳುವಾಗುತ್ತಾ ಬಂದಿತ್ತು, ಕಲ್ಲಿದ್ದಲಿಗಿಂತ ಬಂಡೆಯನ್ನೇ ಜಾಸ್ತಿ ಕತ್ತರಿಸುತ್ತಿದ್ದೆವು ಅಂತ ಅವರು ಹೇಳುತ್ತಿದ್ದರು. ಅದರ ಅರ್ಥ ಏನು ಅಂತ ನನಗೆ ತಿಳಿದದ್ದು ತುಂಬಾ ತಡವಾಗಿ.

ಎದೆರೋಗ ವೈದ್ಯೆ:
ನಿಮ್ಮ ತಂದೆ ಹೇಳಿದ್ದರಲ್ಲೇ ಕಾರಣ ಇದೆ ಅಮ್ಮಾ. ಬಂಡೆಯ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಕಲ್ಲಿದ್ದಲ ದೂಳಿಗಿಂತ ಎಷ್ಟೋ ಪಟ್ಟು ಉಗ್ರ. ಎರಡೂ ಸೇರಿದಾಗ ಶ್ವಾಸಕೋಶದಲ್ಲಿ ಗಾಯದ ಕಲೆಯಂತೆ ಅಂಗಾಂಶ ಗಟ್ಟಿಯಾಗುತ್ತಾ ಹೋಗುತ್ತದೆ. ದೂಳಿನ ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು. ವಾಸಿ ಮಾಡುವ ಔಷಧ ಇಲ್ಲ. ತೀರಾ ಮುಂದುವರಿದರೆ ಕೆಲವರಿಗೆ ಶ್ವಾಸಕೋಶದ ಕಸಿ ಮಾಡಬಹುದು, ಅಷ್ಟೇ.

ಇದು ಹಳೆಯ ಕಾಯಿಲೆ, ಹೋಯಿತು ಅಂತ ಹೇಳುವವರಿಗೆ ಎರಡು ವಿಷಯ ಹೇಳುತ್ತೇನೆ. ಅಮೆರಿಕದಲ್ಲಿ ಗಣಿಯ ದೂಳಿಗೆ ಮಿತಿ ಹಾಕಿದ 1969ರ ಕಾನೂನಿನ ನಂತರ ಈ ಕಾಯಿಲೆ ದಶಕಗಳ ಕಾಲ ಇಳಿಯಿತು. ಆಮೇಲೆ ಮತ್ತೆ ಏರಿತು. ಅಲ್ಲಿನ ಕಲ್ಲಿದ್ದಲು ಗಣಿಗಳ ಗುಡ್ಡಗಾಡಾದ ಮಧ್ಯ ಅಪಲೇಷಿಯಾದಲ್ಲಿ 25 ವರ್ಷ ದುಡಿದ ಗಣಿ ಕಾರ್ಮಿಕರಲ್ಲಿ ಐವರಲ್ಲಿ ಒಬ್ಬರಿಗೆ ಇದೆ ಅಂತ 2018ರಲ್ಲಿ ಅಲ್ಲಿನ ಸರ್ಕಾರಿ ಸಂಶೋಧಕರೇ ಪ್ರಕಟಿಸಿದರು. ತೆಳು ಪದರ, ಬಂಡೆ ಕತ್ತರಿಸುವ ದೊಡ್ಡ ಯಂತ್ರಗಳು ಮುಖ್ಯ ಕಾರಣ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಾಯಿಲೆ ಅಳಿದೇ ಹೋಗಿದೆ ಅಂತ ನಂಬಿದ್ದರು. 2015ರಲ್ಲಿ ಮತ್ತೆ ಪತ್ತೆಯಾಯಿತು. ಪರಿಶೀಲಿಸಿದಾಗ ತಪಾಸಣೆಯ ವ್ಯವಸ್ಥೆಯೇ ಸೋತಿತ್ತು. ಎಕ್ಸ್-ರೇಗಳಲ್ಲಿ ಇದ್ದ ಗುರುತನ್ನು ಓದುವವರು ಗುರುತಿಸಿರಲಿಲ್ಲ. ನಿಮ್ಮ ತಂದೆಗೆ ಆದದ್ದು ಅವರೊಬ್ಬರಿಗೇ ಆದದ್ದಲ್ಲ.

ಬೇಸರದ ಸಂಗತಿ ಅಂದರೆ ತಡೆಯುವ ದಾರಿ ಗೊತ್ತಿದೆ. ಕತ್ತರಿಸುವ ಜಾಗಕ್ಕೆ ನೀರು ಸಿಂಪಡಿಸುವುದು, ಗಾಳಿಯ ಹರಿವು ಸರಿಯಾಗಿ ಇಡುವುದು, ಕಾರ್ಮಿಕರ ಮೈಮೇಲೇ ದೂಳು ಅಳೆಯುವ ಉಪಕರಣ ಹಾಕುವುದು. ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ.

ನೀರಿನ ಕೆಲಸದವ:
ನಾನು ನೀರು, ಮಣ್ಣು ಪರೀಕ್ಷೆ ಮಾಡುವವನು. ಶುರುವಿನ ಪ್ರಶ್ನೆಗೆ ನನ್ನ ಉತ್ತರ ಬೇರೆ ಕಡೆಯಿಂದ ಬರುತ್ತದೆ. ಫಿಲ್ಟರ್ ಶೇ. 99 ಹಿಡಿಯಿತು. ಸರಿ, ಹಿಡಿದದ್ದು ಎಲ್ಲಿಗೆ ಹೋಯಿತು?

ಆರ್ಸೆನಿಕ್, ಸೆಲೆನಿಯಂ ಉರಿದು ಹೋಗುವ ವಸ್ತುಗಳಲ್ಲ. ಗಾಳಿಗೆ ಹೋಗದಿದ್ದರೆ ಬೂದಿಯಲ್ಲಿ ಇರುತ್ತವೆ. ಫಿಲ್ಟರ್ ಚೆನ್ನಾಗಿದ್ದಷ್ಟೂ ಬೂದಿಯಲ್ಲಿ ವಿಷ ಜಾಸ್ತಿ. ಎಷ್ಟೋ ಕಡೆ ಬೂದಿಯನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ದೊಡ್ಡ ಕೊಳಗಳಿಗೆ ಬಿಡುತ್ತಾರೆ. ಕೊಳದ ತಳಕ್ಕೆ ನೀರು ಇಳಿಯದ ಹಾಸು ಇಲ್ಲದಿದ್ದರೆ ಈ ವಿಷಗಳು ನಿಧಾನಕ್ಕೆ ಅಂತರ್ಜಲಕ್ಕೆ ಸೇರುತ್ತವೆ. ಯಾರಿಗೂ ಶಬ್ದ ಕೇಳುವುದಿಲ್ಲ, ವಾಸನೆ ಬರುವುದಿಲ್ಲ. ಬಾವಿಯ ನೀರು ಕನ್ನಡಿಯಂತೆ ತಿಳಿಯಾಗಿಯೇ ಇರುತ್ತದೆ.

ಕೆಲವೊಮ್ಮೆ ಕಟ್ಟೆಯೇ ಒಡೆಯುತ್ತದೆ. 2008ರ ಡಿಸೆಂಬರ್ 22ರಂದು ಅಮೆರಿಕದ ಟೆನೆಸಿಯ ಕಿಂಗ್‌ಸ್ಟನ್‌ನಲ್ಲಿ ಹಾಗೇ ಆಯಿತು. ಸುಮಾರು 40 ಲಕ್ಷ ಘನ ಮೀಟರ್ ಬೂದಿ ಕೆಸರು ಹೊಲ, ಮನೆ, ನದಿಗೆ ನುಗ್ಗಿತು. ಆ ರಾತ್ರಿ ಯಾರೂ ಸಾಯಲಿಲ್ಲ. ಆದರೆ ವರ್ಷಗಟ್ಟಲೆ ಬೂದಿ ಎತ್ತಿದ ಕಾರ್ಮಿಕರಲ್ಲಿ ಬಹಳ ಜನ ಕಾಯಿಲೆ ಬಿದ್ದರು, ಕೆಲವರು ಸತ್ತರು. ಮುಖಕ್ಕೆ ಮಾಸ್ಕ್ ಕೂಡ ಕೊಡಲಿಲ್ಲ ಅಂತ ಅವರು ಕೋರ್ಟಿಗೆ ಹೋಗಬೇಕಾಯಿತು.

ಗಣಿಯ ಕಡೆ ನೀರಿನ ಕಥೆ ಇನ್ನೂ ಉದ್ದ. ಕಲ್ಲಿದ್ದಲಿನ ಜೊತೆ ಪೈರೈಟ್ ಅನ್ನುವ ಖನಿಜ ಇರುತ್ತದೆ, ಕಬ್ಬಿಣ ಮತ್ತು ಗಂಧಕ ಸೇರಿದ್ದು. ನೆಲದಡಿ ಮುಚ್ಚಿಕೊಂಡಿರುವ ತನಕ ಸುಮ್ನೆ ಇರುತ್ತದೆ. ಅಗೆದಾಗ ಗಾಳಿ, ನೀರು ತಾಗಿ ಸಲ್ಫ್ಯೂರಿಕ್ ಆಮ್ಲ ಆಗುತ್ತದೆ. ಆ ಆಮ್ಲ ಬಂಡೆಯಿಂದ ಅಲ್ಯೂಮಿನಿಯಂ, ಮ್ಯಾಂಗನೀಸ್ ಎಲ್ಲ ಕರಗಿಸಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಹಳ್ಳದ ತಳದಲ್ಲಿ ಕಿತ್ತಳೆ ಬಣ್ಣದ ಕಬ್ಬಿಣದ ರಾಡಿ ಕೂರುತ್ತದೆ. ಹುಳುಹುಪ್ಪಟೆ ಸಾಯುತ್ತವೆ, ಅವನ್ನು ತಿನ್ನುವ ಮೀನೂ ಉಳಿಯುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೀಗೆ ಕೆಟ್ಟ ಹೊಳೆಗಳ ಉದ್ದ ಸಾವಿರಾರು ಕಿಲೋಮೀಟರ್. ಅವನ್ನು ಕೆಡಿಸಿದ ಗಣಿಗಳಲ್ಲಿ ಬಹಳಷ್ಟು ಮುಚ್ಚಿ ಎಷ್ಟೋ ದಶಕ ಆಗಿದೆ. ಅಗೆದ ಕಂಪನಿಗಳೂ ಈಗ ಇಲ್ಲ. ಸುಣ್ಣ ಸುರಿದು, ಜೌಗು ಕೊಳ ಕಟ್ಟಿ ಆಮ್ಲ ಇಳಿಸುವ ಖರ್ಚು ಮಾತ್ರ ಜನರ ತೆರಿಗೆಯಿಂದ ಹೋಗುತ್ತಲೇ ಇದೆ.

ದಾರಿಹೋಕ:
ಗಣಿಯ ಬೆಂಕಿಯೂ ಹೀಗೇ ಅಲ್ವಾ? ಜಾರ್ಖಂಡ್‌ನ ಝರಿಯಾದಲ್ಲಿ 1916ರಿಂದ, ಪೆನ್ಸಿಲ್ವೇನಿಯಾದ ಸೆಂಟ್ರಾಲಿಯಾದಲ್ಲಿ 1962ರಿಂದ ನೆಲದಡಿ ಉರಿಯುತ್ತಲೇ ಇದೆ.

ನೀರಿನ ಕೆಲಸದವ:
ಹೌದು. ನೆಲ ಕುಸಿಯುತ್ತದೆ, ಬಿರುಕುಗಳಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ತೆರೆದ ಗಣಿಗೂ ಬೆಂಕಿ ಬೀಳುತ್ತದೆ. 2014ರಲ್ಲಿ ಆಸ್ಟ್ರೇಲಿಯಾದ ಹೇಜಲ್‌ವುಡ್ ಗಣಿ 45 ದಿನ ಉರಿಯಿತು. ಪಕ್ಕದ ಮೋರ್‌ವೆಲ್ ಪಟ್ಟಣದ ಜನರಲ್ಲಿ ಉಸಿರಾಟದ ತೊಂದರೆ ವರ್ಷಗಳ ನಂತರವೂ ಜಾಸ್ತಿ ಇದೆ ಅಂತ ಅವರನ್ನು ಗಮನಿಸುತ್ತಾ ಬಂದ ಅಧ್ಯಯನ ಹೇಳಿತು.

ಅಗೆದ ಮಣ್ಣಿನ ಗುಡ್ಡೆಗಳನ್ನೂ ಮರೆಯಬಾರದು. 1966ರ ಅಕ್ಟೋಬರ್ 21ರಂದು ವೇಲ್ಸ್‌ನ ಅಬರ್‌ಫ್ಯಾನ್‌ನಲ್ಲಿ ಅಂಥ ಒಂದು ಗುಡ್ಡೆ ಜಾರಿ ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು, ಅವರಲ್ಲಿ 116 ಮಕ್ಕಳು. ಗುಡ್ಡೆಯನ್ನು ನೀರಿನ ಊಟೆಯ ಮೇಲೆ ಹಾಕಿದ್ದರು. ಅಪಾಯ ಇದೆ ಅಂತ ಮೊದಲೇ ದೂರು ಹೋಗಿತ್ತು.

ವಿಕಿರಣ ವಿಚಾರ:
ಕಲ್ಲಿದ್ದಲ ಬೂದಿ ಅಣುಸ್ಥಾವರದ ತ್ಯಾಜ್ಯಕ್ಕಿಂತ ಹೆಚ್ಚು ವಿಕಿರಣ ಬಿಡುತ್ತದೆ ಅಂತ ಓದಿದ್ದೇನೆ. ಅದನ್ನು ಯಾರೂ ಹೇಳಲೇ ಇಲ್ಲವಲ್ಲ!

ಬಾಯ್ಲರ್ ವಿಭಾಗ:
ಅದು ಹಾಗಿಲ್ಲ. ಬೂದಿಯಲ್ಲಿ ಯುರೇನಿಯಂ, ಥೋರಿಯಂ ಸ್ವಲ್ಪ ಇರುವುದು ನಿಜ. ಅಷ್ಟೇ ವಿದ್ಯುತ್ ಕೊಡುವ, ಸರಿಯಾಗಿ ನಡೆಯುತ್ತಿರುವ ಅಣುಸ್ಥಾವರ ಹೊರಗಿನ ಪರಿಸರಕ್ಕೆ ಬಿಡುವುದಕ್ಕಿಂತ ಕಲ್ಲಿದ್ದಲು ಸ್ಥಾವರ ಬಿಡುವುದು ಜಾಸ್ತಿ ಇರಬಹುದು ಅನ್ನುವುದು ಮೂಲ ಲೆಕ್ಕ. ಬಳಸಿ ತೆಗೆದ ಅಣು ಇಂಧನದ ವಿಕಿರಣ ಇದಕ್ಕೆ ಹೋಲಿಸಲೇ ಆಗದಷ್ಟು ಹೆಚ್ಚು. ಬೂದಿಯ ವಿಷಯದಲ್ಲಿ ಹೆದರಬೇಕಾದ್ದು ಆರ್ಸೆನಿಕ್‌ಗೆ, ಸೆಲೆನಿಯಂಗೆ. ತಪ್ಪು ಮಾತು ಹೇಳಿದರೆ ಎದುರಿನವರು ಅದೊಂದನ್ನೇ ಹಿಡಿದು ಉಳಿದ ಸತ್ಯವನ್ನೂ ತಳ್ಳಿಹಾಕುತ್ತಾರೆ.

ಈಗಲೂ ಗಣಿಯಲ್ಲಿ:
ನಾನು ಇವತ್ತೂ ಗಣಿಯಲ್ಲೇ ದುಡಿಯುವವನು. ನೀವೆಲ್ಲ ಹೇಳಿದ್ದು ಸುಳ್ಳಲ್ಲ. ದೂಳು ನಮ್ಮ ಎದೆಯೊಳಗೇ ಇದೆ. ಆದರೆ ಇಂಥ ಚರ್ಚೆಗಳಲ್ಲಿ ನಮ್ಮನ್ನೇ ತಪ್ಪಿತಸ್ಥರ ಹಾಗೆ ನೋಡುತ್ತಾರೆ. ಗಣಿ ಮುಚ್ಚಿದ ಮರುದಿನ ಒಲೆ ಹಚ್ಚಬೇಕಾದವರು ನಾವು. ಅಂಗಡಿ, ಬಸ್ಸು, ಶಾಲೆ ಎಲ್ಲ ಗಣಿಯ ಸಂಬಳದ ಮೇಲೆ ನಿಂತಿರುವ ಜಾಗಗಳಿವೆ. ಮುಚ್ಚಿ ಅನ್ನುವವರು ಆಮೇಲೆ ಏನು ಅನ್ನುವುದನ್ನೂ ಹೇಳಬೇಕು.

ಗಣಿಯವರ ಮಗಳು:
ಅಣ್ಣಾ, ನಿಮ್ಮನ್ನು ದೂರುವ ಒಂದು ಮಾತೂ ನನ್ನ ಬಾಯಿಂದ ಬರುವುದಿಲ್ಲ. ಅಪ್ಪ ಆ ಕೆಲಸದ ಬಗ್ಗೆ ಹೆಮ್ಮೆಯಿಂದಲೇ ಇದ್ದರು. ಅವರ ದುಡಿಮೆಯಿಂದಲೇ ನಾನು ಓದಿದೆ. ನನ್ನ ಸಿಟ್ಟು ದೂಳಿನ ಲೆಕ್ಕ ಮುಚ್ಚಿಟ್ಟವರ ಮೇಲೆ.

ಜರ್ಮನಿ 2020ರಲ್ಲಿ ಕಾನೂನು ಮಾಡಿ, ತಡವಾದರೂ 2038ರೊಳಗೆ ಕಲ್ಲಿದ್ದಲು ವಿದ್ಯುತ್ ನಿಲ್ಲಿಸುತ್ತೇವೆ ಅಂತ ಹೇಳಿತು. ಜೊತೆಗೇ ಗಣಿ ಪ್ರದೇಶಗಳಿಗೆ 40 ಬಿಲಿಯನ್ ಯೂರೋ ತನಕ ಎತ್ತಿಟ್ಟಿತು. ಆ ಹಣ ಸರಿಯಾದ ಕೈ ಸೇರುತ್ತಿದೆಯಾ ಅಂತ ಅಲ್ಲೂ ಜಗಳ ಇದೆ. ಆದರೂ ದಿನಾಂಕ ಮತ್ತು ದುಡ್ಡು ಎರಡನ್ನೂ ಒಟ್ಟಿಗೆ ಮೇಜಿನ ಮೇಲೆ ಇಟ್ಟರಲ್ಲ, ಅದು ಬೇಕು. ಗಣಿ ಬಿಟ್ಟವರಿಗೆ ಎದೆಯ ತಪಾಸಣೆ ಜೀವನಪೂರ್ತಿ ಸಿಗಬೇಕು ಅನ್ನುವುದನ್ನೂ ಅದಕ್ಕೆ ಸೇರಿಸುತ್ತೇನೆ. ಕಾಯಿಲೆ ಕೆಲಸದ ಜೊತೆ ನಿವೃತ್ತಿ ಆಗುವುದಿಲ್ಲ.

ಈಗಲೂ ಗಣಿಯಲ್ಲಿ:
ಇದನ್ನು ಒಪ್ಪುತ್ತೇನೆ ತಂಗಿ. ನಮ್ಮ ಸಂಘದ ಬೇಡಿಕೆಯಲ್ಲಿ ತಪಾಸಣೆಯ ಮಾತು ಇದೆ, ಬಿಟ್ಟು ಹೋದವರ ಮಾತು ಇಲ್ಲ. ಮುಂದಿನ ಸಭೆಯಲ್ಲಿ ಎತ್ತುತ್ತೇನೆ.

ಕೇಳುವ ಕಿವಿ:
ಇಷ್ಟೆಲ್ಲ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎರಡು ಪ್ರಶ್ನೆ ಉಳಿದಿದೆ. ಚಿಮಣಿಯಿಂದಲೇ ಇಂಗಾಲ ಹಿಡಿದು ನೆಲದಡಿ ತುಂಬುವ ತಂತ್ರ ಬಂದಿದೆಯಲ್ಲ, ಅದು ಇದನ್ನೆಲ್ಲ ಸರಿ ಮಾಡುತ್ತದಾ? ಮತ್ತೆ, ಸ್ಥಾವರದ ಹತ್ತಿರ ಇರುವವರು ತಾವಾಗಿ ಏನನ್ನು ಪರೀಕ್ಷೆ ಮಾಡಿಸಬಹುದು?

ಬಾಯ್ಲರ್ ವಿಭಾಗ:
ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತೆಗೆದರೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಹಿಡಿಯುವ ಯಂತ್ರಕ್ಕೂ ಶಕ್ತಿ ಬೇಕು. ಅಷ್ಟೇ ವಿದ್ಯುತ್ ಹೊರಗೆ ಕೊಡಬೇಕಾದರೆ ಸುಮಾರು ಶೇ. 20ರಿಂದ 30ರಷ್ಟು ಹೆಚ್ಚು ಕಲ್ಲಿದ್ದಲು ಉರಿಸಬೇಕು. ಅಂದರೆ ಅಷ್ಟು ಹೆಚ್ಚು ಅಗೆತ, ಅಷ್ಟು ಹೆಚ್ಚು ಬೂದಿ. ಮೇಲಿನವರು ಹೇಳಿದ ದೂಳು, ಆಮ್ಲದ ನೀರು ಎಲ್ಲ ಜಾಸ್ತಿಯೇ ಆಗುತ್ತದೆ. ಗಣಿಯಿಂದ ಸೋರುವ ಮೀಥೇನ್ ಅಂತೂ ಚಿಮಣಿಗೆ ಬರುವುದೇ ಇಲ್ಲ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಬಿಸಿ ಹಿಡಿಯುತ್ತದೆ. ಬ್ರಿಟನ್ 1882ರಲ್ಲಿ ಮೊದಲ ಕಲ್ಲಿದ್ದಲು ವಿದ್ಯುತ್ ಸ್ಥಾವರ ಶುರು ಮಾಡಿದ ದೇಶ. 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯದನ್ನು ನಿಲ್ಲಿಸಿತು. ಕಲ್ಲಿದ್ದಲನ್ನೇ ಬಿಡಲು ಆಗುತ್ತದೆ ಅನ್ನುವುದಕ್ಕೆ ನನಗೆ ಅಷ್ಟು ಸಾಕು.

ನೀರಿನ ಕೆಲಸದವ:
ಎರಡನೆಯದಕ್ಕೆ ನನ್ನ ಸಲಹೆ. ಬೂದಿ ಕೊಳದ ಹತ್ತಿರ ಬಾವಿ, ಕೊಳವೆಬಾವಿ ಇದ್ದರೆ ಆರ್ಸೆನಿಕ್, ಸೆಲೆನಿಯಂ ಜೊತೆ ಬೋರಾನ್, ಸಲ್ಫೇಟ್ ಎರಡನ್ನೂ ಪರೀಕ್ಷೆ ಮಾಡಿಸಿ. ಬೂದಿಯಿಂದ ಹೊರಟು ಅಂತರ್ಜಲದಲ್ಲಿ ಬೇಗ ಸಾಗುವುದು ಇವೆರಡು. ಉಳಿದವು ಬರುವ ಮುಂಚೆ ಇವು ಏರಿದ್ದು ಗೊತ್ತಾಗುತ್ತದೆ. ಒಂದೇ ಸಲ ಮಾಡಿಸಿದರೆ ಏನೂ ತಿಳಿಯುವುದಿಲ್ಲ. ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಾಡಿಸಿ ವರದಿಗಳನ್ನು ಇಟ್ಟುಕೊಳ್ಳಿ. ಕೊಳದಿಂದ ದೂರದ, ನೀರು ಹರಿದು ಬರುವ ಮೇಲಿನ ಕಡೆಯ ಒಂದು ಬಾವಿಯನ್ನೂ ಹೋಲಿಕೆಗೆ ಸೇರಿಸಿ. ಅದಿಲ್ಲದಿದ್ದರೆ "ಇಲ್ಲಿನ ಮಣ್ಣೇ ಹಾಗೆ" ಅಂತ ಹೇಳಿ ಕಳಿಸುತ್ತಾರೆ.

ಕೇಳುವ ಕಿವಿ:
ಬೋರಾನ್ ಸಾಮಾನ್ಯ ಕುಡಿಯುವ ನೀರಿನ ಪರೀಕ್ಷೆಯಲ್ಲಿ ಸೇರಿರುತ್ತದಾ?

ನೀರಿನ ಕೆಲಸದವ:
ಬಹಳ ಕಡೆ ಇರುವುದಿಲ್ಲ. ಹೆಸರು ಬರೆದುಕೊಟ್ಟು ಬೇರೆಯಾಗಿ ಕೇಳಬೇಕು. ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಕೊಡಿ. ಕೆಲವು ಗಾಜಿನಲ್ಲಿ ಬೋರಾನ್ ಇರುತ್ತದೆ, ಅದು ನೀರಿಗೆ ಸೇರಿ ಲೆಕ್ಕ ಕೆಡಿಸುತ್ತದೆ.